ಹಳದಿ ಅಂಗಿ ತೊಟ್ಟ ಕಾರು

ಸಂಚಾರಿ ಹೆರಿಗೆ ಸೇವೆಯ ಕಾರು ಚಳಿಗಾಲದಲ್ಲಿ ಹೊರಡುವುದಿಲ್ಲ. ಇದು ದೂರಲ್ಲ, ವಸ್ತುಸ್ಥಿತಿ. ಬೇಸಿಗೆಯಲ್ಲಿ ಅದು ಹೊರಡುತ್ತದೆ, ಮಳೆಗಾಲದಲ್ಲಿ ಗೊಣಗಿಕೊಂಡಾದರೂ ಹೊರಡುತ್ತದೆ; ಚಳಿ ಬಿತ್ತೆಂದರೆ ಮಾತ್ರ ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಆದರೆ ಹೆರಿಗೆಗಳು ಚಳಿಗಾಲದಲ್ಲೂ ಆಗುತ್ತಲೇ ಇರುತ್ತವೆ. ಈ ವಿಷಯದಲ್ಲಿ ಸಾರ್ವಜನಿಕರ ಸಹಕಾರ ಸಾಲದೆಂದು ನಮ್ಮ ಕಚೇರಿ ಪ್ರತಿ ವರ್ಷವೂ ವಿಷಾದ ವ್ಯಕ್ತಪಡಿಸುತ್ತ ಬಂದಿದೆ.

ಹಾಗೆಂದು ಕಚೇರಿ ಕೈಕಟ್ಟಿ ಕುಳಿತಿರಲಿಲ್ಲ. ಕಾರು ಮೊದಲ ಸಲ ಕೈಕೊಟ್ಟ ಚಳಿಗಾಲದಲ್ಲೇ ನೂಕುವ ನಿಯಮಾವಳಿ ಜಾರಿಗೆ ಬಂತು. ಅದರಂತೆ ಗುಮಾಸ್ತರು ಹಿಂಬದಿಯನ್ನೂ ಮೇಲ್ವಿಚಾರಕರು ಬಾಗಿಲಿನ ಚೌಕಟ್ಟನ್ನೂ ಹಿಡಿದು ನೂಕತಕ್ಕದ್ದು; ನಿರ್ದೇಶಕರು ಕೈ ಹಚ್ಚತಕ್ಕದ್ದಲ್ಲ, ಆದರೆ "ಹೂಂ, ಇನ್ನೊಂದು ಸಲ" ಎನ್ನಬಹುದು. ಮುಂದಿನ ಚಳಿಗಾಲ, ಕಾರು ಕೆಡುವುದು ಬೆಳಗಿನ ಹೊತ್ತೇ ಎಂಬುದನ್ನು ಸೂಕ್ಷ್ಮವಾಗಿ ಗಮನಿಸಿ, ಬೆಳಗಿನ ಹೊತ್ತು ಹೆರಿಗೆ ನೋವು ತಂದುಕೊಳ್ಳಬಾರದೆಂದು ಸಾರ್ವಜನಿಕರಲ್ಲಿ ವಿನಂತಿಸಲಾಯಿತು. ವಿನಂತಿಗೆ ಯಾರೂ ಸೊಪ್ಪು ಹಾಕಲಿಲ್ಲ. ಕಾರಿನ ಚಾಲಕನಂತೂ ಹಿಡಿದ ಪಟ್ಟು ಬಿಡದೆ "ಬ್ಯಾಟರಿ ಸತ್ತಿದೆ ಸಾರ್, ಹೊಸದು ಹಾಕ್ಸಿ" ಎಂದು ಒಂದೇ ರಾಗ ಎಳೆಯುತ್ತಿದ್ದ. ಆದರೆ ಬ್ಯಾಟರಿ ಎಂಬುದು ಕಾರಿನ ಹೊಟ್ಟೆಯೊಳಗಿರುವ, ಹೊರಗಿನವರ ಕಣ್ಣಿಗೆ ಬೀಳದ ವಸ್ತು. ಅದನ್ನು ಉದ್ಘಾಟಿಸಲು ಬರುವುದಿಲ್ಲ. ಆದ್ದರಿಂದ ಆ ಬೇಡಿಕೆ ಮುಂದಕ್ಕೆ ಹೋಗಲಿಲ್ಲ.

ಈಗಿನ ನಿರ್ದೇಶಕರು ಬಂದಮೇಲೆ ಕಚೇರಿಯ ದೆಸೆಯೇ ತಿರುಗಿತು. ಅವರು ಒಂದು ಸರೋವರದ ದಂಡೆಯ ವಿಶ್ರಾಂತಿಗೃಹದಲ್ಲಿ ತರಬೇತಿ ಪಡೆದು, ತೂಕವನ್ನೂ ಜ್ಞಾನವನ್ನೂ ಹೆಚ್ಚಿಸಿಕೊಂಡು ಹಿಂದಿರುಗಿದ್ದರು. ಬಂದವರೇ ಸಿಬ್ಬಂದಿಯನ್ನೆಲ್ಲ ಸಭಾಂಗಣಕ್ಕೆ ಕರೆಸಿದರು.

"ನೋಡ್ರಿ, ಗಿಳಿ ಯಾಕೆ ಹಸಿರಾಗಿದೆ? ಎಲೆ ಹಸಿರಾಗಿದೆ ಅಂತ. ಗಿಳಿ ಯಾವತ್ತಾದ್ರೂ ರಜೆ ಹಾಕಿದ್ದು ನೋಡಿದೀರಾ? ಸುಸ್ತು ಅಂದಿದ್ದು ಕೇಳಿದೀರಾ? ಇಲ್ಲ. ಯಾಕೆ ಅಂದ್ರೆ ಅದರ ಬಟ್ಟೆ ನಿಸರ್ಗಕ್ಕೆ ಹೊಂದುತ್ತೆ. ನಾವೂ ಹಾಗೇ ಬಣ್ಣ ಬಣ್ಣವಾಗಿ ಬಂದ್ರೆ ಕೆಲಸ ತಾನಾಗೇ ಆಗುತ್ತೆ."

"ಕಾರೂ ತಾನಾಗೇ ಹೊರಡುತ್ತಾ ಸಾರ್?" ಎಂದು ಹಿಂದಿನ ಸಾಲಿನಿಂದ ದಾದಿ ಕೇಳಿದಳು. ಊರಿನಾಚೆಯ ಹೆರಿಗೆಗಳಿಗೆಲ್ಲ ಆ ಕಾರಿನಲ್ಲಿ ಓಡಾಡಬೇಕಾದವಳು ಅವಳೇ. ಕೈಗುಣ ಒಳ್ಳೆಯದು, ನಾಲಿಗೆ ಸ್ವಲ್ಪ ಉದ್ದ.

"ಅದೂ ಹೊರಡುತ್ತಮ್ಮ. ನಂಬಿಕೆ ಇರಬೇಕು," ಎಂದರು ನಿರ್ದೇಶಕರು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಆ ಸಂಜೆಯೇ ಸುತ್ತೋಲೆ ಹೊರಟಿತು: "ಈ ಮೂಲಕ ಎಲ್ಲರ ಗಮನಕ್ಕೆ ತರುವುದೇನೆಂದರೆ, ಇನ್ನು ಮುಂದೆ ಸಿಬ್ಬಂದಿಯು ನಿಸರ್ಗದ ಬಣ್ಣದ ಉಡುಪನ್ನೇ ಧರಿಸತಕ್ಕದ್ದು. ನಿಸರ್ಗವೆಂದರೆ, ನಿರ್ದೇಶಕರು ತಮ್ಮ ಕುರ್ಚಿಯಲ್ಲಿ ಕುಳಿತು, ಕತ್ತು ತಿರುಗಿಸದೆ, ಕಿಟಕಿಯ ಮೂಲಕ ನೋಡಿದಾಗ ಕಾಣುವ ಭಾಗ. ಕರ್ತವ್ಯದ ಮೇಲಿರುವಾಗ ಯಾವ ಕಾರಣಕ್ಕೂ ಉಡುಪನ್ನು ಕಳಚತಕ್ಕದ್ದಲ್ಲ, ಸಡಿಲಿಸತಕ್ಕದ್ದಲ್ಲ, ಹರಿಯತಕ್ಕದ್ದಲ್ಲ."

ಆ ಕಿಟಕಿಯಿಂದ ಕಾಣುವುದು ಒಂದು ಮರ ಮತ್ತು ನೀರಿನ ತೊಟ್ಟಿಯ ಒಂದು ಮೂಲೆ. ಸುತ್ತೋಲೆಯ ದಿನ ಮರದ ತುಂಬ ಹಳದಿ ಹೂ ಬಿಟ್ಟಿತ್ತು. ಆದ್ದರಿಂದ ನಿಸರ್ಗ ಹಳದಿ ಎಂದು ತೀರ್ಮಾನವಾಯಿತು. ಇದನ್ನೆಲ್ಲ ನೋಡಿಕೊಳ್ಳಲು ಹಿರಿಯ ಗುಮಾಸ್ತನಾದ ನನ್ನನ್ನೇ ವರ್ಣಸಾಮರಸ್ಯಾಧಿಕಾರಿ ಎಂದು ನೇಮಿಸಿ, ಒಂದು ಸೀಟಿ ಕೊಟ್ಟರು. ಬಣ್ಣ ತಪ್ಪಿ ಬಂದವರನ್ನು ಕಂಡ ಕೂಡಲೇ ಊದಬೇಕು. ಅಷ್ಟು ವರ್ಷ ಕಚೇರಿಯಲ್ಲಿ ಸವೆದ ಮೇಲೆ ಕೊರಳಿಗೆ ಅಧಿಕಾರ ಬಿದ್ದದ್ದು ಅದೇ ಮೊದಲು. ಮನೆಗೆ ಹೋಗುವಾಗಲೂ ನಾನು ಅದನ್ನು ತೆಗೆಯುತ್ತಿರಲಿಲ್ಲ.

ಬಟ್ಟೆ ತರಿಸುವುದಕ್ಕೆ ಬೇಸಿಗೆ ಹೋಯಿತು, ಹೊಲಿಸುವುದಕ್ಕೆ ಮಳೆಗಾಲ. ದರ್ಜಿ ನಿರ್ದೇಶಕರ ಷಡ್ಡಕ. ಅಂದರೆ ನಿರ್ದೇಶಕರ ನಾದಿನಿಯ ಗಂಡ. ಸಂಬಂಧಿಕನೆಂದು ಅವನಿಗೆ ಕೆಲಸ ಕೊಟ್ಟರೆಂಬ ಗುಸುಗುಸು ಇದೆ. ಅದು ಶುದ್ಧ ಸುಳ್ಳು. ಅವನು ದರ್ಜಿಯಾದದ್ದೇ ಕೆಲಸ ಸಿಕ್ಕಿದ ಮೇಲೆ. ಅಂತೂ ಚಳಿ ಹಿಡಿಯುವ ಹೊತ್ತಿಗೆ ನಾವೆಲ್ಲ ತಲೆಯಿಂದ ಕಾಲಿನವರೆಗೆ ಹಳದಿಯಾಗಿ ಅಂಗಳದಲ್ಲಿ ಸಾಲಾಗಿ ನಿಂತೆವು. ಆಗ ಕಂಡದ್ದೇನೆಂದರೆ, ಮರ ಬೋಳಾಗಿತ್ತು. ಒಂದು ಹೂವಿಲ್ಲ, ಒಂದು ಎಲೆಯಿಲ್ಲ.

ನಿಯಮ ಪಾಲಿಸಿದವರು ನಾವು; ಮುರಿದದ್ದು ಮರ. ಕರ್ತವ್ಯದ ವೇಳೆ ಉಡುಪು ಕಳಚಿದ್ದೇಕೆ ಎಂದು ಅದಕ್ಕೆ ನೋಟಿಸು ಕೊಡುವಂತೆ ನಿರ್ದೇಶಕರು ಅಪ್ಪಣೆ ಮಾಡಿದರು. ನಾನೇ ಹೋಗಿ ಕಾಂಡಕ್ಕೆ ಅಂಟಿಸಿ, ಮುಂದೆ ನಿಂತು ಗಟ್ಟಿಯಾಗಿ ಓದಿದೆ. ಉತ್ತರ ಬರಲಿಲ್ಲ. ಕೊನೆಗೆ ಉಳಿದ ಹಳದಿ ಬಟ್ಟೆಯನ್ನು ಚೂರುಚೂರಾಗಿ ಕತ್ತರಿಸಿ, ಗುಮಾಸ್ತರನ್ನು ಮರ ಹತ್ತಿಸಿ, ಕೊಂಬೆಕೊಂಬೆಗೂ ಕಟ್ಟಿಸಲಾಯಿತು. ಕಿಟಕಿಯಿಂದ ನೋಡಿದ ನಿರ್ದೇಶಕರು "ಈಗ ನಿಸರ್ಗ ದಾರಿಗೆ ಬಂತು" ಎಂದು ನನ್ನ ಬೆನ್ನು ತಟ್ಟಿದರು.

ಇಷ್ಟಾದರೂ ಬಟ್ಟೆ ಉಳಿದಿತ್ತು. ಅದೇ ವಾರ ಚಾಲಕ ಮತ್ತೆ ಬಂದು ತಲೆ ಕೆರೆಯುತ್ತ ನಿಂತ.

"ಸಾರ್, ಚಳಿ ಶುರುವಾಯ್ತು. ಗಾಡಿ ಮತ್ತೆ ನಿಂತೋಗಿದೆ. ಬ್ಯಾಟರಿ..."

ನಿರ್ದೇಶಕರು ಕೈಯೆತ್ತಿ ತಡೆದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕುಳಿತರು. ತೆರೆದಾಗ ಅವರ ಮುಖದ ಕಳೆಯೇ ಬೇರೆಯಾಗಿತ್ತು.

"ಚಳೀಲಿ ಮಾತ್ರ ಕೆಡುತ್ತೆ ಅಂದ್ರೆ ಅದಕ್ಕೆ ಆಗ್ತಿರೋದು ಏನಪ್ಪಾ?"

"ಏನು ಸಾರ್?"

"ಚಳಿ! ಎಲ್ಲರಿಗೂ ಬಟ್ಟೆ ಇದೆ. ಅದೊಂದು ಮಾತ್ರ ಬರಿ ಮೈಯಲ್ಲಿ ಅಂಗಳದಲ್ಲಿ ನಿಂತಿದೆ. ಪಾಪ, ಅದೂ ನಮ್ಮ ಸಿಬ್ಬಂದಿನೇ ಅಲ್ವೇನ್ರೀ?"

ಮರುದಿನವೇ ದರ್ಜಿ ಕಾರಿನ ಅಳತೆ ತೆಗೆದುಕೊಂಡ. ಒಳಗೆ ಹತ್ತಿ ತುಂಬಿ, ಚಕ್ರಗಳಿಗೂ ಚಳಿಯಾಗದಂತೆ ನೆಲದವರೆಗೆ ಇಳಿಬಿಟ್ಟು, ಹಳದಿ ಅಂಗಿ ಹೊಲಿದ. ಮೂತಿಯ ಮೇಲೆ ಸುಕ್ಕು ಬೀಳಬಾರದೆಂದು ನಿರ್ದೇಶಕರು ಹೇಳಿದ್ದರಿಂದ ಬಾನೆಟ್ಟಿನ ಮೇಲೆ ಬಿಚ್ಚುವ ಜಾಗವನ್ನೇ ಬಿಡದೆ, ಎರಡೆರಡು ಹೊಲಿಗೆ ಹಾಕಿ ಬಿಗಿದ. ಸಾರ್ವಜನಿಕರ ಅನುಕೂಲಕ್ಕಾಗಿ ಹಿಂದಿನ ಒಂದು ಬಾಗಿಲಿಗೆ ಮಾತ್ರ ಗುಂಡಿ ಇತ್ತು. ಚಾಲಕ ಆ ಬಾಗಿಲಲ್ಲಿ ತೂರಿ, ಸೀಟು ಹತ್ತಿಳಿದು ತನ್ನ ಜಾಗ ಸೇರಬೇಕಿತ್ತು. ದೂರದಿಂದ ನೋಡಿದರೆ ಕಾರು ಚೆನ್ನಾಗಿಯೇ ಕಾಣುತ್ತಿತ್ತು. ಫೋಟೋ ತೆಗೆಸಲಾಯಿತು.

ಇಲ್ಲಿ ನನ್ನ ಮನೆಯ ಸಂಗತಿಯನ್ನು ಸ್ವಲ್ಪ ಹೇಳಬೇಕು. ನನ್ನ ಒಬ್ಬಳೇ ಮಗಳು ಬೆಟ್ಟದ ಮೇಲಿನ ಕಲ್ಲುಗಣಿಯ ವಸತಿಯಲ್ಲಿ ಗಂಡನೊಡನೆ ಇದ್ದಾಳೆ. ಆಗ ಅವಳಿಗೆ ದಿನ ತುಂಬಿತ್ತು, ಚೊಚ್ಚಲು. ದಾದಿ ನೋಡಿಬಂದು, "ಮಗು ಇನ್ನೂ ತಲೆ ಕೆಳಗೆ ಮಾಡಿಲ್ಲ, ಕಾಲು ಮುಂದಿದೆ. ನೋವು ಬಂದ ಕೂಡ್ಲೇ ಪಟ್ಟಣದ ಆಸ್ಪತ್ರೆಗೇ ಕರ್ಕೊಂಡು ಹೋಗ್ಬೇಕು" ಎಂದಿದ್ದಳು.

ಅವತ್ತಿನಿಂದ ನನ್ನ ಹೆಂಡತಿಗೆ ನಿದ್ದೆಯಿಲ್ಲ. "ಅವಳನ್ನ ಈಗಲೇ ಪಟ್ಟಣಕ್ಕೆ ಸೇರಿಸಿಬಿಡೋಣ ರೀ. ನಿಮ್ಮ ಆ ಡಕೋಟಾ ಗಾಡಿ ನಂಬ್ಕೊಂಡು ಕೂತ್ರೆ ಆಗುತ್ತಾ?"

"ಡಕೋಟಾ ಅನ್ಬೇಡ. ಅದಕ್ಕೀಗ ಸಮವಸ್ತ್ರ ಇದೆ."

"ಸಮವಸ್ತ್ರ ಹಾಕಿದ್ರೆ ಕಾರು ಓಡುತ್ತಾ? ಹಾಗಾದ್ರೆ ನಿಮಗ್ಯಾಕೆ ಇನ್ನೂ ಮಂಡಿನೋವು?"

ಹೆಂಗಸರಿಗೆ ಆಡಳಿತ ಅರ್ಥವಾಗುವುದಿಲ್ಲ. ಕಚೇರಿಯ ಅಧಿಕಾರಿಯ ಮಗಳೇ ಕಚೇರಿಯ ಕಾರನ್ನು ನಂಬದಿದ್ದರೆ ಜನ ಏನೆಂದುಕೊಂಡಾರು ಎಂದು ತಿಳಿಹೇಳಿದೆ. ಅವಳು ಮೂಗು ಮುರಿದು ಒಳಗೆ ಹೋದಳು. ಅಂದಿನಿಂದ ನನ್ನ ಹಳದಿ ಅಂಗಿಯನ್ನು ಒಗೆಯುವುದನ್ನೂ ಬಿಟ್ಟಳು.

ಆ ದಿನ ಬೆಳಿಗ್ಗೆ ಮಂಜು ಸುರಿಯುತ್ತಿತ್ತು. ಕಚೇರಿ ಆಗಷ್ಟೇ ತೆರೆದಿತ್ತು. ಅಳಿಯನ ಫೋನ್ ಬಂತು.

"ಮಾವ, ನೋವು ಶುರುವಾಯ್ತು. ಬೇಗ ಗಾಡಿ ಕಳಿಸಿ."

"ಗಾಬರಿ ಬೇಡಪ್ಪ. ಗಾಡಿ ಬೆಚ್ಚಗಿದೆ," ಎಂದೆ.

ಚಾಲಕ ಹಿಂಬಾಗಿಲಲ್ಲಿ ತೂರಿ, ಕೀಲಿ ತಿರುಗಿಸಿದ. ಕಾರು ಒಮ್ಮೆ ಕುಂಯ್ ಎಂದಿತು. ಎರಡನೆಯ ಸಲ ಅದನ್ನೂ ಎನ್ನಲಿಲ್ಲ. ನಿಯಮಾವಳಿಯಂತೆ ನಾವೆಲ್ಲ ನಮ್ಮ ನಮ್ಮ ದರ್ಜೆಗೆ ತಕ್ಕ ಜಾಗ ಹಿಡಿದು ನೂಕಿದೆವು. ನೆಲದವರೆಗೆ ಇಳಿಬಿಟ್ಟ ಅಂಗಿ ಚಕ್ರಗಳಿಗೆ ಸುತ್ತಿಕೊಂಡು, ಇದ್ದ ಸ್ವಲ್ಪ ಚಲನೆಯೂ ನಿಂತಿತು. ಚಾಲಕ ಅಂಗಿಯಲ್ಲಿ ಕಿಟಕಿಗೆಂದು ಬಿಟ್ಟಿದ್ದ ತೂತಿನಿಂದ ತಲೆ ಹೊರಗೆ ಹಾಕಿ "ಬ್ಯಾಟರಿ" ಎಂದ. ಬೈಯುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ.

ದಾದಿ ನನ್ನ ಫೋನ್ ಕಸಿದುಕೊಂಡು ಅಳಿಯನಿಗೆ ಕರೆ ಮಾಡಿದಳು. "ನೋಡಪ್ಪ, ಗಣೀಲಿ ಕಲ್ಲು ಕೊರೆಯೋ ಯಂತ್ರ ಇದೆಯಲ್ಲ, ಅದರ ಬ್ಯಾಟರಿ ಬಿಚ್ಕೊಂಡು ಬಾ. ಹೆಂಡ್ತೀನೂ ಹೇಗಾದ್ರೂ ಕೆಳಗೆ ಕರ್ಕೊಂಡು ಬಾ. ಇಲ್ಲಿಂದ ನಾನು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಇವರನ್ನ ಕಾಯ್ತಾ ಕೂತ್ರೆ ನಿನ್ನ ಮಗು ಶಾಲೆಗೆ ಸೇರುತ್ತೆ."

ಅಳಿಯ ಮತ್ತು ಅವನ ಜೊತೆಯವರು ಕಲ್ಲು ಸಾಗಿಸುವ ಕೈಗಾಡಿಯಲ್ಲಿ ನನ್ನ ಮಗಳನ್ನು ಮಲಗಿಸಿ, ಕಾಲ ಬಳಿ ಬ್ಯಾಟರಿ ಇಟ್ಟು, ಬೆಟ್ಟದ ಇಳಿಜಾರಿನಲ್ಲಿ ಓಡಿಸಿಕೊಂಡೇ ಬಂದರು. ಕಲ್ಲುಪುಡಿ ಮೆತ್ತಿದ ಅವರ ಬಣ್ಣ ನೀರಿನ ತೊಟ್ಟಿಯ ಮೂಲೆಗೆ ಚೆನ್ನಾಗಿ ಹೊಂದುತ್ತಿದ್ದುದರಿಂದ ಕಾವಲುಗಾರ ಗೇಟು ತೆರೆದ. ಸುದ್ದಿ ಕೇಳಿ ನನ್ನ ಹೆಂಡತಿಯೂ ಬರಿಗಾಲಲ್ಲಿ ಓಡಿಬಂದಳು. ಮಗಳನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ದಾದಿ ಒಳಗೆ ಹತ್ತಿಕೊಂಡಳು. ಇನ್ನು ಬ್ಯಾಟರಿ ಹಾಕುವುದೊಂದೇ ಬಾಕಿ.

ಅಳಿಯ ಬಾನೆಟ್ಟಿನ ಮೇಲೆ ಕೈಯಾಡಿಸಿದ. ಗುಂಡಿಯಿಲ್ಲ. ಸೊಂಟದಿಂದ ಚಾಕು ತೆಗೆದ.

ನಾನು ಸೀಟಿ ಊದಿದೆ.

"ಏನು ಮಾವ?"

"ಅದನ್ನ ಕೊಯ್ಯೋ ಹಾಗಿಲ್ಲ. ಅದು ಸಮವಸ್ತ್ರ. ಕಾರು ಕರ್ತವ್ಯದ ಮೇಲಿದೆ."

ನಾನು ಎರಡೂ ಕೈ ಚಾಚಿ ಬಾನೆಟ್ಟಿಗೆ ಅಡ್ಡ ನಿಂತೆ. ಕಾರಿನೊಳಗಿಂದ ಮಗಳು "ಅಪ್ಪಾ" ಎಂದು ಕೂಗಿದಳು. ಯಾರ ಅಪ್ಪನನ್ನು ಎಂದು ಅವಳು ಸ್ಪಷ್ಟಪಡಿಸಲಿಲ್ಲ.

ಹೆಂಡತಿ ನನ್ನ ಅಂಗಿಯ ಕೊರಳುಪಟ್ಟಿ ಹಿಡಿದು ಅಲ್ಲಾಡಿಸಿದಳು. "ಒಳಗಿರೋದು ನಿಮ್ಮ ಮಗಳು ಕಣ್ರೀ! ನಿಮ್ಮ ಹೊಟ್ಟೇಲಿ ಕರುಳು ಇದೆಯೋ, ಅಲ್ಲೂ ಹತ್ತಿ ತುಂಬಿದಾರೋ?"

"ಮಗಳು ಅಂತಾನೇ ಹೆಚ್ಚು ಎಚ್ಚರಿಕೆ ಬೇಕು. ನಾಳೆ ಇದನ್ನ ಸ್ವಜನಪಕ್ಷಪಾತ ಅಂತಾರೆ," ಎಂದೆ.

ಅಳಿಯ ನನ್ನನ್ನು ತಳ್ಳಿ ಮುನ್ನುಗ್ಗಿದ. ಗುಮಾಸ್ತರು ಹಿಂದಿನಿಂದಲೂ ಮೇಲ್ವಿಚಾರಕರು ಪಕ್ಕದಿಂದಲೂ ಅವನನ್ನು ಹಿಡಿದುಕೊಂಡರು. ನೂಕುವ ನಿಯಮಾವಳಿ ಅವರಿಗೆ ಅಷ್ಟು ರೂಢಿಯಾಗಿತ್ತು. ಚಾಕು ಕೆಳಗೆ ಬಿತ್ತು. ಅಷ್ಟರಲ್ಲಿ ನಿರ್ದೇಶಕರು ಬಂದರು. ಗದ್ದಲ ಕಂಡು ಬೇಸರಪಟ್ಟುಕೊಂಡರೂ ತಾಳ್ಮೆಯಿಂದ ಮರದಡಿಯಲ್ಲೇ ತುರ್ತು ಸಭೆ ಕರೆದರು. ಕುರ್ಚಿಗಳು ಬಂದವು. ಚಹಾ ಬಂತು.

ಪ್ರಶ್ನೆ ಸೂಕ್ಷ್ಮವಾಗಿತ್ತು. ಕಾರು ಕರ್ತವ್ಯದ ಮೇಲಿದ್ದರೆ ಅದರ ಅಂಗಿ ತೆಗೆಯುವಂತಿಲ್ಲ. ಕರ್ತವ್ಯದ ಮೇಲಿಲ್ಲ ಎಂದು ಘೋಷಿಸಿ ಅಂಗಿ ತೆಗೆಯೋಣವೆಂದರೆ, ಕರ್ತವ್ಯದ ಮೇಲಿಲ್ಲದ ಕಾರಿನಲ್ಲಿ ಗರ್ಭಿಣಿಯನ್ನು ಕೂರಿಸಿಕೊಳ್ಳುವಂತಿಲ್ಲ. ಅವಳನ್ನು ಮೊದಲು ಇಳಿಸಿ, ಕಾರಿಗೆ ಸ್ವಲ್ಪ ಹೊತ್ತು ರಜೆ ಕೊಟ್ಟು, ಅಂಗಿ ತೆಗೆದು, ಬ್ಯಾಟರಿ ಹಾಕಿ, ಅಂಗಿ ತೊಡಿಸಿ, ಮತ್ತೆ ಕರ್ತವ್ಯಕ್ಕೆ ಕರೆಯಬಹುದೆಂದು ಒಬ್ಬ ಮೇಲ್ವಿಚಾರಕ ಸೂಚಿಸಿದ. ಕಾರಿಗೆ ಇನ್ನೂ ರಜೆ ಜಮೆಯಾಗಿಲ್ಲ ಎಂದು ಇನ್ನೊಬ್ಬ ನೆನಪಿಸಿದ. ಅಂಗಿ ತೆಗೆದರೆ ಮತ್ತೆ ಹಾಗೇ ಕೂರುತ್ತದೆಂಬ ಭರವಸೆ ಕೊಡಲಾರೆ ಎಂದು ದರ್ಜಿ ಕೈ ಚೆಲ್ಲಿದ.

"ಬಿಸಿನೀರು ತನ್ರೋ ಯಾರಾದ್ರೂ!" ಎಂದು ಕಾರಿನೊಳಗಿಂದ ದಾದಿ ಅರಚಿದಳು. "ಇನ್ನು ಆಸ್ಪತ್ರೆಗೆ ಹೊತ್ತಿಲ್ಲ, ಇಲ್ಲೇ ಆಗುತ್ತೆ! ನಿಮ್ಮ ಮುಖಕ್ಕಿಷ್ಟು ಬೆಂಕಿ ಹಾಕ!"

ಚಹಾಕ್ಕೆಂದು ಕಾಯಿಸಿದ್ದ ನೀರನ್ನು ನನ್ನ ಹೆಂಡತಿ ಪಾತ್ರೆ ಸಮೇತ ಎತ್ತಿಕೊಂಡು ಓಡಿದಳು. ಸಭೆಯ ಎರಡನೆಯ ಚಹಾ ಇದರಿಂದ ತಪ್ಪಿತು.

ಆಮೇಲೆ ಕಾರಿನೊಳಗಿಂದ ಮಗಳ ಕೂಗು ಮೇಲಿಂದ ಮೇಲೆ ಬಂತು, ಮತ್ತೆ ಥಟ್ಟನೆ ನಿಂತಿತು. ಏನೂ ಕೇಳಿಸಲಿಲ್ಲ. ಗುಮಾಸ್ತರು ಅಳಿಯನನ್ನು ಬಿಟ್ಟರು. ಬಿಟ್ಟರೂ ಅವನು ಅಲ್ಲಾಡಲಿಲ್ಲ. ಮರದ ಬಟ್ಟೆ ಹೂಗಳು ಪಟಪಟ ಎನ್ನುತ್ತಿದ್ದವು. ಅಂದು ಚಳಿ ವಿಪರೀತ. ಒಳಗೆ ದಾದಿ ಬೆನ್ನು ತಟ್ಟುವ ಸದ್ದು ಒಂದು ಸಲ, ಮತ್ತೊಂದು ಸಲ ಕೇಳಿಸಿತು. ಕೊನೆಗೆ ಮಗು ಅತ್ತಿತು.

ಎಷ್ಟೋ ಹೊತ್ತಿನ ಮೇಲೆ ದಾದಿ ಹೊರಬಂದಳು. ಅವಳ ಉಡುಪಿನಲ್ಲಿ ಹಳದಿ ಎಂಬುದು ಎಲ್ಲೂ ಕಾಣುತ್ತಿರಲಿಲ್ಲ, ಎಲ್ಲ ಕೆಂಪಾಗಿತ್ತು. ನಾನು ಸೀಟಿ ಊದಬೇಕಿತ್ತು, ಊದಲಿಲ್ಲ. ಈ ಲೋಪಕ್ಕೆ ಆಮೇಲೆ ನನ್ನಿಂದ ವಿವರಣೆ ಕೇಳಿದರು, ಕೊಟ್ಟಿದ್ದೇನೆ.

"ಹೆಣ್ಣು. ಇಬ್ಬರೂ ಉಳಿದಿದಾರೆ," ಎಂದಳು ದಾದಿ. "ಹೇಗೆ ಉಳಿದ್ರೋ ನನಗೇ ಗೊತ್ತಿಲ್ಲ. ನಿಮ್ಮಿಂದಂತೂ ಅಲ್ಲ."

ನಿರ್ದೇಶಕರು ಎದ್ದು ನಿಂತರು. ಅವರ ಕಣ್ಣು ಒದ್ದೆಯಾಗಿತ್ತು. "ನೋಡಿದಿರಾ?" ಎಂದರು. "ಇಷ್ಟು ವರ್ಷದಲ್ಲಿ ಮೊದಲ ಸಲ ಚಳಿಗಾಲದಲ್ಲಿ ನಮ್ಮ ಕಾರು ತನ್ನ ಕೆಲಸ ಪೂರೈಸಿದೆ. ಅದೂ ಒಂದು ಹನಿ ಪೆಟ್ರೋಲ್ ಇಲ್ಲದೆ. ಬಟ್ಟೆಯ ಮಹಿಮೆ!" ನಾವು ಚಪ್ಪಾಳೆ ತಟ್ಟಿದೆವು. ಅಳಿಯ ಒಬ್ಬ ತಟ್ಟಲಿಲ್ಲ. ಅವನ ಕೈಯಲ್ಲಿ ಮಗು ಇತ್ತು.

ಮುಂದಿನದೆಲ್ಲ ಸಲೀಸಾಗಿ ನಡೆಯಿತು. ಕಾರು ಹೊರಡಲಿಲ್ಲ ಎಂಬ ದೂರು ಬರುವುದು ಅದನ್ನು ಹೊರಡಿಸಲು ಹೋಗುವುದರಿಂದ ಎಂಬುದು ಸ್ಪಷ್ಟವಾದ್ದರಿಂದ, ಕೀಲಿಯನ್ನು ನಿರ್ದೇಶಕರ ಮೇಜಿನ ಖಾನೆಗೆ ಸೇರಿಸಲಾಯಿತು. ಚಕ್ರಗಳ ಸುತ್ತ ಸಿಮೆಂಟು ಕಟ್ಟೆ ಕಟ್ಟಿ, ಸೇವೆಯ ಹೆಸರಿನಲ್ಲಿದ್ದ "ಸಂಚಾರಿ" ಎಂಬುದನ್ನು ಹಾಗೇ ಉಳಿಸಿಕೊಂಡು, ಇನ್ನು ಮುಂದೆ ಸಂಚಾರವನ್ನು ಗರ್ಭಿಣಿಯರೇ ಮಾಡತಕ್ಕದ್ದೆಂದು ಪ್ರಕಟಿಸಲಾಯಿತು. ಚಾಲಕನಿಗೆ ಸ್ಥಿರ ಚಾಲಕ ಎಂದು ಬಡ್ತಿ ಸಿಕ್ಕಿತು. ಅವನು ಈಗ ಬ್ಯಾಟರಿಯ ಸುದ್ದಿ ಎತ್ತುವುದಿಲ್ಲ. ಹಿಂದಿನ ಸೀಟಿನಲ್ಲಿ ಹೆರಿಗೆ ನಡೆಯುವಾಗ ಸ್ಟೀರಿಂಗ್ ಹಿಡಿದು, ಮುಂದೆ ನೋಡುತ್ತ, ಗಂಭೀರವಾಗಿ ಕುಳಿತಿರುತ್ತಾನೆ. ಗಣಿಯಿಂದ ತಂದಿದ್ದ ಬ್ಯಾಟರಿಯ ಬಣ್ಣ ಕಪ್ಪಾದ್ದರಿಂದ ಅದಕ್ಕೊಂದು ಹಳದಿ ಚೀಲ ಹೊಲಿಸಿ ಮರದ ಬುಡದಲ್ಲಿ ಇಟ್ಟಿದ್ದೇವೆ. ಬಂದವರು ಅದರ ಮೇಲೆ ಕುಳಿತು ಕಾಯುತ್ತಾರೆ.

ದಾದಿ ವರ್ಗಾವಣೆ ಕೇಳಿದಳು. ಅವಳಿಗೆ ಪದಕ ಕೊಟ್ಟು ಇಲ್ಲೇ ಉಳಿಸಿಕೊಂಡರು. ಪದಕ ಹಳದಿ.

ಹೆಂಡತಿ ನನ್ನೊಡನೆ ಬಹಳ ದಿನ ಮಾತು ಬಿಟ್ಟಿದ್ದಳು. ಸುಧಾರಿಸಿಕೊಳ್ಳಲು ಮಗಳೂ ಕೂಸೂ ನಮ್ಮ ಮನೆಗೆ ಬಂದ ಮೇಲೆ, ನಿರ್ದೇಶಕರೇ ದರ್ಜಿಯನ್ನು ಕಳುಹಿಸಿಕೊಟ್ಟರು. ಕಾರಿನಲ್ಲಿ ಹುಟ್ಟಿದ ಮೊದಲ ಮಗು, ಅದಕ್ಕೆ ಕಚೇರಿಯ ವತಿಯಿಂದ ಒಂದು ಅಂಗಿ. ಹೆಂಡತಿ ಅವನ ಮುಖಕ್ಕೆ ಬಾಗಿಲು ಹಾಕುತ್ತಾಳೆಂದು ನಾನು ಒಳಗೇ ಕುಳಿತು ಕಿವಿಗೊಟ್ಟಿದ್ದೆ. ಅವಳು ಕೂಸನ್ನು ಎತ್ತಿ ಹಿಡಿದು, "ಸ್ವಲ್ಪ ಸಡಿಲವಾಗಿ ಹೊಲಿ. ಮುಂದಿನ ಚಳಿಗಾಲಕ್ಕೂ ಆಗ್ಲಿ" ಎಂದಳು.

ಇದು ಎರಡನೆಯ ಚಳಿಗಾಲ. ಕಾರಿನ ಬಗ್ಗೆ ಒಂದೂ ದೂರಿಲ್ಲ. ಇವತ್ತು ಬೆಳಿಗ್ಗೆ ಗಣಿಯ ವಸತಿಯಿಂದ ಫೋನ್ ಬಂತು. ಯಾರೋ ಗಂಡಸು, ಉಸಿರು ಕಟ್ಟಿಕೊಂಡು ಮಾತಾಡುತ್ತಿದ್ದ.

"ಸಾರ್, ಮನೆಯವಳಿಗೆ ನೋವು ಬಂದಿದೆ. ಗಾಡಿ ಇದೆಯಾ?"

"ಇದೆ. ಬೆಚ್ಚಗಿದೆ. ಬೇಗ ನಡೆಸ್ಕೊಂಡು ಬನ್ನಿ," ಎಂದೆ. "ಬರುವಾಗ ಹಳದಿ ಬಟ್ಟೆ..."

"ಗೊತ್ತು ಸಾರ್, ಆಗ್ಲೇ ಹಾಕಿದೀವಿ," ಎಂದ ಅವನು. "ಕೈಗಾಡಿಗೂ ಹೊಲಿಸಿದೀವಿ. ಆದ್ರೆ ಬಟ್ಟೆ ಚಕ್ರಕ್ಕೆ ಸಿಕ್ಕಾಕ್ಕೊಂಡು ಮುಂದಕ್ಕೇ ಹೋಗ್ತಿಲ್ಲ. ಸ್ವಲ್ಪ ತಡ ಆಗ್ಬಹುದು, ಬೇಜಾರು ಮಾಡ್ಕೋಬೇಡಿ."

ಪರವಾಗಿಲ್ಲ, ಕಾಯುತ್ತೇವೆ ಎಂದು ಹೇಳಿದೆ.